ಗಾಡಿ ಬಂದ್ ಮಾಡ್ರಿ, ಒಳಗ ಬರ್ರಿ

ಕಳೆದ ಭಾನುವಾರ ಬಿಟ್ಟು ಅದರ ಹಿಂದಿನ ಭಾನುವಾರ ನಾನು ದುಬಲಗುಂಡಿಯಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟು ತಿಂದೆ, ಚಹಾ ಕುಡಿದೆ, ಹುಡುಗನ ನೌಕರಿ ವಿಚಾರಿಸಿದೆ, ತಲೆ ಎತ್ತಿ ಜಂತಿ ನೋಡಿ ‘ತೇಗದ್ದೇನ್ರಿ?’ ಎಂದು ಹೊಗಳಿದೆ. ಇಷ್ಟೂ ಹೊತ್ತು ಹೊರಗೆ ನನ್ನ ಕಾರಿನ ಇಂಜಿನ್ ಚಾಲೂ ಇತ್ತು.

ಎಷ್ಟು ಹೊತ್ತು ಅಂದಿರಾ? ಒಂದು ತಾಸು, ಮೇಲೆ ಹತ್ತು ನಿಮಿಷ.

ಮರೆತಿದ್ದೆನೇ? ಮರೆಯುವುದು ಸಾಧ್ಯವೇ ಇರಲಿಲ್ಲ. ಅದು ಡೀಸೆಲ್ ಇಂಜಿನ್. ಪಡಸಾಲೆಯ ಕಿಟಕಿ, ತಟ್ಟೆಯೊಳಗಿನ ಚಮಚ, ನನ್ನ ಎದೆ, ಮೂರೂ ಒಂದೇ ಲಯದಲ್ಲಿ ನಡುಗುತ್ತಿದ್ದವು. ಬೇಕೆಂದೇ ಬಂದ್ ಮಾಡಿರಲಿಲ್ಲ. (ತಡೆಯಿರಿ, ಬೈಯುವ ಮೊದಲು ಪೂರ್ತಿ ಕೇಳಿ.)

ಈ ಅಂಕಣ ಓದುವವರಿಗೆ ನನ್ನ ಕಾರು ಹೊಸದೇನಲ್ಲ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದ್‌ನಲ್ಲಿ ಹೈಸ್ಕೂಲು ಮಾಸ್ತರಿಕೆ, ನಡುವೆ ಈ ಕಾರು. ಇದು ಹುಟ್ಟಿದ್ದು ಪೆಟ್ರೋಲ್ ಕಾರಾಗಿ. ನನಗಿಂತ ಮೊದಲಿನ ಮಾಲೀಕರು ಅದರ ಹೊಟ್ಟೆ ಸೀಳಿ ಯಾವುದೋ ಜೀಪಿನ ಡೀಸೆಲ್ ಇಂಜಿನ್ ಕೂರಿಸಿದರು. ಗೇರು ಇನ್ನೊಂದು ಗಾಡಿಯದು. ಸೀಟು ಮತ್ತೊಂದರದು. ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಹೆಸರು ‘ಹೈಬ್ರಿಡ್’. ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳ. ಇಳುವರಿ ಜಾಸ್ತಿ, ರೊಟ್ಟಿಗೆ ರುಚಿ ಕಮ್ಮಿ. ನನ್ನ ಕಾರಿನಲ್ಲಿ ಎರಡೂ ಕಮ್ಮಿ.

ಮೊನ್ನೆ ಪೇಪರಿನಲ್ಲಿ ಓದಿದೆ. ಹೊರದೇಶಗಳಲ್ಲಿ ಖರೇ ಹೈಬ್ರಿಡ್ ಕಾರುಗಳೇ ಬಂದಿವೆಯಂತೆ. ಪೆಟ್ರೋಲಿನಿಂದಲೂ ಓಡುತ್ತವೆ, ಬ್ಯಾಟರಿಯಿಂದಲೂ ಓಡುತ್ತವೆ. ಆ ಬ್ಯಾಟರಿಗೆ ವಯಸ್ಸಾದರೆ ಹೊಸದು ಹಾಕಿಸಬೇಕೋ, ಕಾರನ್ನೇ ಮಾರಿಬಿಡಬೇಕೋ ಎಂದು ಅಲ್ಲಿಯವರೂ ತಲೆ ಕೆಡಿಸಿಕೊಂಡು ಕೂತಿದ್ದಾರಂತೆ. ಓದಿ ಎಷ್ಟು ಸಮಾಧಾನವಾಯಿತು ಗೊತ್ತೇ? ನಾನೊಬ್ಬನೇ ಅಲ್ಲ.

ಏಕೆಂದರೆ ಎಂಟು ತಿಂಗಳಿಂದ ನನ್ನ ತಲೆಯಲ್ಲಿದ್ದದ್ದೂ ಅದೇ ಪ್ರಶ್ನೆ. ಡೀಸೆಲ್ ಇಂಜಿನ್ನಿಗೆ ದೊಡ್ಡ ಬ್ಯಾಟರಿ ಬೇಕು. ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿಗೆ ಇರುವುದು ಸಣ್ಣ ಜಾಗ. ಆ ಸಣ್ಣ ಜಾಗದ ಸಣ್ಣ ಬ್ಯಾಟರಿ ಐದು ವರ್ಷ ದೊಡ್ಡ ಇಂಜಿನ್ನನ್ನು ಎಬ್ಬಿಸಿ ಎಬ್ಬಿಸಿ ಸುಸ್ತಾಗಿತ್ತು. ಕೀಲಿ ತಿರುಗಿಸಿದರೆ ‘ಕಿರ್’ ಎಂದು ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು.

ಹೊಸದು ಹಾಕಿಸು ಅಂದಳು ಹೆಂಡತಿ ಶಾಂತಾ. ಕಾರು ಮಾರು ಅಂದ ಭಾವ, ಅಂದರೆ ನಮ್ಮ ಅಕ್ಕನ ಗಂಡ. ನಾನು ಎರಡೂ ಮಾಡಲಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮರುದಿನವೇ ಗೇರ್‌ಬಾಕ್ಸ್ ಕೈಕೊಟ್ಟರೆ? ಕಾರು ಮಾರುವಾಗ ‘ಬ್ಯಾಟರಿ ಹೊಸದು’ ಎಂದರೆ ಯಾರಾದರೂ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆಯೇ? ಬೇಸಿಗೆ ಕಳೆಯಲಿ ನೋಡೋಣ ಅಂದೆ. ಬೇಸಿಗೆ ಕಳೆಯಿತು. ಮಳೆ ಹೋಗಲಿ ಅಂದೆ. ಹೋಯಿತು. ಇಂಥ ನಿರ್ಧಾರಗಳನ್ನು ಮುಂದೂಡುವುದರಲ್ಲಿ ನಾನು ಭಾಳ ಹುಷಾರು.

ಅಲ್ಲಿಯವರೆಗೆ ಇಳಿಜಾರು ಇತ್ತಲ್ಲ?

ಬಸವಕಲ್ಯಾಣದಲ್ಲಿ ನಮ್ಮ ಓಣಿ ಇಳಿಜಾರಿನದು. ಮುಂಜಾನೆ ಬ್ರೇಕ್ ಬಿಟ್ಟರೆ ಕಾರು ತಾನೇ ಉರುಳುತ್ತದೆ. ತಿರುವಿನಲ್ಲಿ ಗೇರಿಗೆ ಹಾಕಿದರೆ ಚಾಲೂ. ಹುಮನಾಬಾದ್‌ನಲ್ಲಿ ಶಾಲೆಯ ಹಿಂದೆ ಒಂದು ದಿನ್ನೆ ಸಿಕ್ಕಿತು. ಇಳಿಜಾರಿನ ಮೇಲೆ ಮನೆ ಇರುವ ಗೆಳೆಯರು ಹತ್ತಿರವಾದರು. ಸಪಾಟು ಜಾಗದವರು ದೂರವಾದರು. ಚಿಟಗುಪ್ಪದ ನನ್ನ ಖಾಸಾ ಗೆಳೆಯನೊಬ್ಬ ಫೋನ್ ಮಾಡಿ, ‘ಆರು ತಿಂಗಳಾತು, ಮನಿ ಕಡೀಗಿ ಬಂದಿಲ್ಲ. ನಾ ಏನರೆ ತಪ್ಪ ಮಾತಾಡೀನೇನು?’ ಎಂದು ಕೇಳಿದ. ಅವನಿಗೆ ಏನು ಹೇಳುವುದು? ತಪ್ಪು ನಿನ್ನದಲ್ಲ ಮಾರಾಯ, ನಿನ್ನ ಅಂಗಳದ್ದು ಎಂದೇ?

ಸಪಾಟು ಜಾಗಕ್ಕೆ ಹೋಗಲೇಬೇಕಾಗಿ ಬಂದರೆ ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಅಂಗಡಿ, ಬ್ಯಾಂಕು, ಪೋಸ್ಟಾಫೀಸು ಎಲ್ಲ ಹಾಗೇ ನಡೆದಿತ್ತು. ಅಂಗಡಿಯವರಿಗೆ ಅದರಿಂದ ಬೇಜಾರಿಲ್ಲ. ಬೇಗ ಸಾಮಾನು ಕಟ್ಟಿ ಕೊಡುತ್ತಿದ್ದರು.

ಈಗ ರೇಖಾಳ ವಿಷಯಕ್ಕೆ ಬರುತ್ತೇನೆ.

ರೇಖಾ ನಮ್ಮ ಅಕ್ಕನ ಮಗಳು. ನಮ್ಮ ಓಣಿಯಿಂದ ಎರಡು ಓಣಿ ಆಚೆ ಮನೆ. ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ನೋಡಲು ಬಂದ ಮೂರು ಹುಡುಗರನ್ನು ಒಬ್ಬರಾದ ಮೇಲೆ ಒಬ್ಬರಂತೆ ಬೇಡ ಅಂದವಳು. ಒಬ್ಬ ಎಲ್ಲದಕ್ಕೂ ‘ನಮ್ಮವ್ವನ್ನ ಕೇಳ್ರಿ’ ಅಂದನಂತೆ. ಒಬ್ಬ ಇವಳ ಸಂಬಳವನ್ನೇ ಎರಡು ಸಲ ಕೇಳಿದನಂತೆ. ಮೂರನೆಯವನದು ಏನು ತಪ್ಪೋ ನನಗೆ ಇಂದಿಗೂ ತಿಳಿದಿಲ್ಲ. ನಾಲ್ಕನೆಯವನು ದುಬಲಗುಂಡಿಯ ಅನಿಲ. ಹುಮನಾಬಾದ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅವನು ಬಂದುಹೋದ ಸಂಜೆ ರೇಖಾ ಏನೂ ಹೇಳದೆ ತಾನಾಗಿಯೇ ಎಲ್ಲರಿಗೂ ಚಹಾ ಮಾಡಿ ಕೊಟ್ಟಳು. ಅಕ್ಕನಿಗೆ ಅಷ್ಟೇ ಸಾಕಾಯಿತು.

ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಉಳಿದದ್ದು ನಾವು ಹೋಗಿ ಅವರ ಮನೆ ನೋಡುವುದು. ಹುಡುಗಿ ಹೋಗುವ ಹಾಗಿಲ್ಲ, ಹಿರಿಯರು ಹೋಗಬೇಕು. ಅಕ್ಕ, ಭಾವ, ಶಾಂತಾ, ನಾನು. ಹುಮನಾಬಾದ್‌ನಿಂದ ದುಬಲಗುಂಡಿಗೆ ಬೇಕಾದಷ್ಟು ಬಸ್ಸಿವೆ. ಆದರೆ ಅಕ್ಕ ಆಗಲೇ ಫೋನಿನಲ್ಲಿ ‘ನಮ್ಮ ತಮ್ಮನ ಕಾರದಾಗ ಬರ್ತೀವ್ರಿ’ ಎಂದುಬಿಟ್ಟಿದ್ದಳು.

ಊರು ಹತ್ತಿರ ಬಂದಾಗ ಭಾವ ನನ್ನ ಭುಜ ತಟ್ಟಿ ಹೇಳಿದ: ‘ಬ್ಯಾಟರಿ ಹೋಗ್ಯಾದ ಅಂತ ಅಲ್ಲಿ ಬಾಯಿ ಬಿಡಬ್ಯಾಡ. ಮೊದಲನೇ ಸಲ ಹೊಂಟೀವಿ. ಇಜ್ಜತ್ ಪ್ರಶ್ನಿ ಅದ.’

ಅನಿಲನ ತಂದೆ ವೀರಶೆಟ್ಟಿಯವರು ಬಾಗಿಲಲ್ಲೇ ನಿಂತಿದ್ದರು. ಮನೆಯ ಮುಂದೆ ಅಂಗಳ ರೊಟ್ಟಿ ಬಡಿದ ಹಾಗೆ ಸಪಾಟು.

‘ಬರ್ರಿ ಬರ್ರಿ ಮಾಸ್ತರ್ರ. ಗಾಡಿ ಬಂದ್ ಮಾಡ್ರಿ, ಒಳಗ ಬರ್ರಿ’ ಅಂದರು.

ನಮ್ಮ ಕಡೆಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಬಂದವರು ಮೋಟಾರ್ ಸೈಕಲ್ಲಿನ ಮೇಲೇ ಕೂತು ಮಾತಾಡಿದರೆ, ಅವರು ಹೋಗುವವರು. ಗಾಡಿ ಬಂದ್ ಮಾಡಿದರೆ, ಇರುವವರು. ಗಾಡಿ ಬಂದ್ ಮಾಡ್ರಿ ಅಂದರೆ ಕೂತುಕೊಳ್ಳಿರಿ, ಉಣ್ಣಿರಿ, ಈ ಮನೆ ನಿಮ್ಮದು ಎಂದು ಅರ್ಥ. ಬಂದ್ ಮಾಡದೇ ಇದ್ದರೆ? ನಿಮ್ಮ ಮನೆಯಲ್ಲಿ ನಮಗೆ ಅಂಥ ಕೆಲಸವೇನಿಲ್ಲ ಎಂದು.

ನಾನು ಏನೆಂದೆ ಹೇಳಿ? ‘ಇರ್ಲಿ ಬಿಡ್ರಿ’ ಎಂದೆ.

ಅವರು ಹೊಸ್ತಿಲ ಹತ್ತಿರ ಇನ್ನೊಮ್ಮೆ ಹೇಳಿದರು. ಉಪ್ಪಿಟ್ಟು ಬಂದಾಗ ಮತ್ತೊಮ್ಮೆ, ‘ಯಾಕ್ರಿ, ಅವಸರ ಅದ ಏನು?’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ, ‘ಹೌದ್ರಿ, ಮುಂದ ಜರಾ ಒಂದ್ ಕೆಲಸಿತ್ತು’ ಎಂದು ನನ್ನನ್ನು ಉಳಿಸಿದ. ಹಾಗೆಂದು ಆಗ ಅಂದುಕೊಂಡಿದ್ದೆ. ಒಳಗಿನಿಂದ ವೀರಶೆಟ್ಟಿಯವರ ತಾಯಿ, ಮನೆಮಂದಿಗೆಲ್ಲ ಆಯಿ, ‘ಇನ್ನಾ ಬಂದ್ ಮಾಡಿಲ್ಲೇನೋ ಅದನ್ನ?’ ಎಂದು ಕೇಳುವುದು ಎರಡು ಸಲ ಕಿವಿಗೆ ಬಿತ್ತು.

ಅಡುಗೆಮನೆಯಿಂದ ತುಪ್ಪದ ವಾಸನೆ ಬರುತ್ತಿತ್ತು. ಹೋಳಿಗೆಯದೇ, ಸಂಶಯವಿಲ್ಲ. ಮಧ್ಯಾಹ್ನ ಒಂದಾಯಿತು. ಈಗ ಊಟಕ್ಕೆ ಏಳಿ ಅನ್ನುತ್ತಾರೆ, ಈಗ ಏಳಿ ಅನ್ನುತ್ತಾರೆ ಎಂದು ನಾವು ನಾಲ್ವರೂ ಕಾದೆವು. ಬಂದದ್ದು ಎಲೆ ಅಡಿಕೆ ತಟ್ಟೆ. ವೀರಶೆಟ್ಟಿಯವರು ಕೈಮುಗಿದು, ‘ಮತ್ತ ನಿಮಗ ತಡಾ ಆಗ್ತದ’ ಅಂದರು. ಎದ್ದು ಬಂದೆವು.

ಹುಮನಾಬಾದ್‌ನ ಖಾನಾವಳಿಯ ಮುಂದೆ (ಸಣ್ಣ ಇಳಿಜಾರು ಇದೆ) ನಿಲ್ಲಿಸಿದೆ. ಅಕ್ಕ ರೊಟ್ಟಿ ಮುಟ್ಟಲಿಲ್ಲ. ‘ಹೋಳಗಿ ಮಾಡಿ ಮುಚ್ಚಿಟ್ಟಾರ. ನಮಗ ಬಡಸೂದು ಬ್ಯಾಡಾಗ್ಯಾದ. ನಾವು ಮನಸಿಗಿ ಬಂದಿಲ್ಲ ಅಂತ ಇನ್ನ ಹ್ಯಾಂಗ ಹೇಳಬೇಕವರು?’ ಅಂದಳು. ಭಾವನೂ ಹೂಂ ಅಂದ. ಒಪ್ಪಿದ ಸಂಬಂಧ ಹೀಗೆ ಎರಡು ರೊಟ್ಟಿ, ಒಂದು ಪುಂಡಿಪಲ್ಯದ ಮುಂದೆ ಮುರಿದುಬಿತ್ತು.

ಮಂಗಳವಾರ ಸಂಜೆ ರೇಖಾ ನಮ್ಮ ಮನೆಗೆ ಬಂದಳು. ಕುರ್ಚಿ ಎಳೆದು ನನ್ನ ಎದುರು ಕೂತಳು. ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್‌ಗೆ ಬರುವವರು ಹಾಗೆ ಕೂರುತ್ತಾರೆ.

‘ಮಾಮಾ, ಅನಿಲ ಫೋನ್ ಮಾಡಿದ್ರು.’

‘ಏನಂದ?’

‘ನಿಮ್ಮ ಮಂದಿಗಿ ನಮ್ಮ ಮನಿ ಮನಸಿಗಿ ಬರಲಿಲ್ಲ ಕಾಣಸ್ತದ ಅಂದ್ರು. ಆಯಿ ನಸುಕಿನಾಗ ಎದ್ದು ಹೋಳಗಿ ಮಾಡಿದ್ಳಂತ. ಗಾಡಿ ಸಹಿತ ಬಂದ್ ಮಾಡಲಾರದ ಕುಂತಾರ, ಅವರ ಮುಂದ ತಾಟ ಹ್ಯಾಂಗ ಇಡಬೇಕು ಅಂತ ಕೇಳಿದ್ಳಂತ. ಆ ಹೋಳಗಿ ಯಾರೂ ತಿಂದಿಲ್ಲಂತ.’

ನಾವು ಅವರನ್ನು ಬೈದುಕೊಂಡು ಖಾನಾವಳಿಯಲ್ಲಿ ರೊಟ್ಟಿ ಮುರಿಯುವಾಗ, ಅವರು ನಮ್ಮನ್ನು ಬೈದುಕೊಂಡು ಹೋಳಿಗೆ ಮುಚ್ಚಿಟ್ಟು ಕೂತಿದ್ದರು. ಹೋಳಿಗೆ ಎರಡೂ ಮನೆಯವರಿಗೆ ದಕ್ಕಲಿಲ್ಲ.

‘ನೋಡಾಕ ಬಂದ ನಾಕ ಮಂದ್ಯಾಗ ಒಬ್ಬರು ಮನಸಿಗಿ ಬಂದಿದ್ರು ಮಾಮಾ’ ಅಂದಳು ರೇಖಾ. ‘ಅದೂ ನಿಮ್ಮ ಬ್ಯಾಟರಿ ಸಲುವಾಗಿ ಹೋಗಬೇಕೇನು?’

ನನಗೆ ನಾಚಿಕೆಯಾಯಿತು. ತಮಾಷೆಗೆ ಬರೆಯುತ್ತಿಲ್ಲ, ನಿಜವಾಗಿಯೂ ಆಯಿತು. ಎತ್ತಿ ಆಡಿಸಿದ ಹುಡುಗಿ. ಜೀವನದಲ್ಲಿ ಮೊದಲ ಸಲ ನನ್ನನ್ನು ಏನೋ ಕೇಳುತ್ತಿದ್ದಾಳೆ, ಅದೂ ಒಂದು ಬ್ಯಾಟರಿ.

‘ಈಗಲೇ ಫೋನ್ ಮಾಡಿ ಖರೇ ಹೇಳಿಬಿಡ್ತೀನಿ’ ಅಂದೆ.

‘ಫೋನಿನ್ಯಾಗ ಏನ್ ಹೇಳಿದ್ರೂ ಆಯಿ ನಂಬಂಗಿಲ್ಲಂತ. ನೆವ ಹೇಳಾಕತ್ತಾರ ಅಂತಾಳಂತ.’

ಅಡುಗೆಮನೆಯಿಂದ ಶಾಂತಾ, ‘ಎಂಟ ತಿಂಗಳಿಂದ ನಾನೂ ಅದನ್ನ ಹೇಳಾಕತ್ತೇನಿ’ ಎಂದಳು. ಏನನ್ನು ಎಂದು ನಾನು ಕೇಳಲು ಹೋಗಲಿಲ್ಲ.

ಬುಧವಾರ ಶಾಲೆ ಬಿಟ್ಟ ಕೂಡಲೇ ಖಾಜಾನ ಅಂಗಡಿಗೆ ಹೋದೆ. ಖಾಜಾ ಹುಮನಾಬಾದ್‌ನ ಬ್ಯಾಟರಿ ಮಿಸ್ತ್ರಿ. ನನ್ನ ಕಾರಿನ ಪೂರ್ತಿ ಇತಿಹಾಸ ಬಲ್ಲವನು. ಬ್ಯಾಟರಿಯ ಮುಚ್ಚಳ ಒಂದೊಂದಾಗಿ ತೆಗೆದು, ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದು ನೋಡಿ, ಕತ್ತು ಅಲ್ಲಾಡಿಸಿದ.

‘ಆರು ಖಾನೆದಾಗ ಎರಡು ಸತ್ತಾವ ಸರ್. ಬೇಕಂದ್ರ ಅವೆರಡಕ್ಕ ಪ್ಲೇಟ್ ಬದಲ್ ಮಾಡಿ ಕೊಡ್ತೀನಿ. ಇಲ್ಲಂದ್ರ ಹೊಸಾದು.’

ನೋಡಿ, ಮನುಷ್ಯನ ಬುದ್ಧಿ ಹೇಗಿರುತ್ತದೆ. ರೇಖಾಳ ಮುಖ ಕಣ್ಣ ಮುಂದಿದೆ. ಆದರೂ ಬಾಯಿಗೆ ಬಂದದ್ದೇನು? ‘ಪ್ಲೇಟ್ ಬದಲ್ ಮಾಡಿದ್ರ ಎಷ್ಟ ದಿನ ಬರ್ತದ?’

‘ನನ್ನ ದುಕಾನ್ ಮುಂದ ಬಂದ್ ಮಾಡಿದ್ರ ನನ್ನ ದುಕಾನ್ ಮುಂದ ಚಾಲೂ ಆಗ್ತದ ಸರ್. ಬ್ಯಾರೆ ಕಡೆ ಬಂದ್ ಮಾಡ್ತೀರಂದ್ರ ಖುದಾನ ಮರ್ಜಿ.’

‘ದುಬಲಗುಂಡ್ಯಾಗ ಬಂದ್ ಮಾಡಬೇಕಾಗ್ಯಾದ’ ಅಂದೆ. ನಡೆದದ್ದೆಲ್ಲ ಹೇಳಿದೆ. ಖಾಜಾ ನಗಲಿಲ್ಲ. ಕೈ ಒರೆಸಿಕೊಂಡು ನನ್ನ ಹತ್ತಿರ ಬಂದ.

‘ಲಡಕೀಕಾ ಮಾಮ್ಲಾ, ಹುಡುಗಿ ಬಾಳ್ವಿ ಪ್ರಶ್ನಿ ಅದ ಸರ್. ಇದರಾಗ ಪ್ಲೇಟ್ ಬದಲ್ ಮಾಡಬ್ಯಾಡ್ರಿ.’

ಎಂಟು ತಿಂಗಳ ಪ್ರಶ್ನೆ ಅಷ್ಟಕ್ಕೇ ಮುಗಿಯಿತು. ಡೀಸೆಲ್‌ಗೆ ಸರಿಯಾದ ದೊಡ್ಡ ಬ್ಯಾಟರಿಯನ್ನೇ ಆರಿಸಿದ. ಅದು ಕೂರುವ ತಗಡಿನ ತಟ್ಟೆ ಕತ್ತರಿಸಿ, ಅಗಲ ಮಾಡಿ, ವೆಲ್ಡಿಂಗ್ ಹೊಡೆಸಿದ. ಬಾನೆಟ್ ಎರಡು ಬೆರಳು ಮೇಲೇ ನಿಂತಿತು. ಎರಡು ಸುತ್ತಿಗೆ ಏಟು ಹಾಕಿ ‘ಈಗ ಬರಾಬರ್ ಅದ’ ಅಂದ. ಕೀಲಿ ತಿರುಗಿಸಿದೆ. ಅರ್ಧ ಸುತ್ತಿಗೇ ಇಂಜಿನ್ ಎದ್ದಿತು. ಬಂದ್ ಮಾಡಿದೆ, ಮತ್ತೆ ಚಾಲೂ ಮಾಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಏಳು ಸಲ ಹಾಗೆ ಮಾಡಿದೆ. ಇಷ್ಟು ಸುಖ ಇಷ್ಟು ಹತ್ತಿರ ಇತ್ತೇ?

ಕಳೆದ ಭಾನುವಾರ ಶಾಂತಾ ಮತ್ತು ನಾನು ಇಬ್ಬರೇ ದುಬಲಗುಂಡಿಗೆ ಹೊರಟೆವು. ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಳು. ಭಾವನನ್ನು ನಾನೇ ಬೇಡ ಅಂದೆ. ದಾರಿಯ ಎರಡೂ ಬದಿ ತೊಗರಿ ಕೊಯ್ದು ಗುಡ್ಡೆ ಹಾಕಿದ್ದರು, ಕಾಳು ಬಿಡಿಸಿ ರಾಶಿ ಮಾಡುವ ದಿನಗಳು. ಶಾಂತಾ ಊರು ಬರುವವರೆಗೆ ಮೂರು ಸಲ ‘ಮೊದಲ ಬಂದ್ ಮಾಡ್ರಿ, ಆಮ್ಯಾಲ ಮಾತಾಡ್ರಿ’ ಎಂದು ಪಾಠ ಹೇಳಿಕೊಟ್ಟಳು.

ವೀರಶೆಟ್ಟಿಯವರು ಹೊರಗೆ ಬಂದರು. ‘ಬರ್ರಿ’ ಅಂದರು. ಅಷ್ಟೇ. ಗಾಡಿ ಬಂದ್ ಮಾಡ್ರಿ ಅನ್ನಲಿಲ್ಲ.

ನನ್ನ ಗಾಡಿ ಬಂದ್ ಮಾಡಲು ಸ್ಟೇರಿಂಗ್ ಕೆಳಗಿನ ಒಂದು ಗುಂಡಿ ಎಳೆಯಬೇಕು. ಎಳೆದೆ. ಇಂಜಿನ್ ಎರಡು ಸಲ ಮೈ ಝಾಡಿಸಿ ಸುಮ್ಮನಾಯಿತು. ಆ ಅಂಗಳದಲ್ಲಿ ಹಕ್ಕಿ ಕೂಗುತ್ತವೆ ಎಂದು ನನಗೆ ತಿಳಿದದ್ದೇ ಆಗ.

ಭಾವ ಹೇಳಿದ್ದ ಇಜ್ಜತ್ತನ್ನು ಪಕ್ಕಕ್ಕಿಟ್ಟು, ನಿಂತ ಜಾಗದಲ್ಲೇ ಹೇಳಿಬಿಟ್ಟೆ: ‘ಅವತ್ತ ಬ್ಯಾಟರಿ ಸತ್ತಿತ್ರಿ. ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತಿರಲಿಲ್ಲ. ಹೇಳಾಕ ನಾಚಿಕಿ ಬಂತು. ಇವತ್ತ ಹೊಸಾದು ಹಾಕ್ಸಿಕೊಂಡು ಬಂದೀನಿ. ಆಯಿ ಕೈಯಿಂದ ಉಂಡು ಹೋಗತೀವಿ, ಎಷ್ಟ ಹೊತ್ತಾದರೂ ಆಗಲಿ.’

ವೀರಶೆಟ್ಟಿಯವರು ನನ್ನನ್ನು ನೋಡಿದರು, ಕಾರನ್ನು ನೋಡಿದರು. ಅಷ್ಟರಲ್ಲಿ ಆಯಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

‘ಇಷ್ಟಕ್ಕ ಬಾಯಿ ಮುಚ್ಚಿಕೊಂಡು ಕುಂತಿದ್ದೇನೋ ತಮ್ಮಾ?’ ಅಂದಳು. ‘ದಬ್ಬಾಕ ನಮ್ಮೂರಾಗ ಮಂದಿ ಇರಲಿಲ್ಲೇನು?’

ಉತ್ತರಕ್ಕೆ ಕಾಯದೆ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಹಿಂದಿನಿಂದ ವೀರಶೆಟ್ಟಿಯವರು ‘ಅವ್ವಾ, ಅದ್ಯಾಕ ಈಗ’ ಅನ್ನುತ್ತಲೇ ಬಂದರು. ಹಿತ್ತಲಲ್ಲಿ ಮಣ್ಣು ಹಾಕಿ ಬಡಿದು ಮಾಡಿದ ಎತ್ತರದ ದಿಬ್ಬ. ದಿಬ್ಬದ ಮೇಲೆ, ಮೂತಿ ಕೆಳಗೆ ಮಾಡಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಟ್ರ್ಯಾಕ್ಟರ್.

‘ಇದರ ಬ್ಯಾಟರಿ ಹೋಗಿ ಎರಡ ವರ್ಷಾತು’ ಅಂದಳು ಆಯಿ. ‘ನನ ಮಗ ಇವತ್ತ ಹಾಕಸ್ತೀನಿ, ನಾಳಿ ಹಾಕಸ್ತೀನಿ ಅನಕೋತ ದಿಬ್ಬಾ ಕಟ್ಟ್ಯಾನ. ನೀವು ಬರೂ ದಿನಾ ಕಾಣಬಾರದಂತ ಇದರ ಮುಂದ ಜ್ವಾಳದ ದಂಟು ಒಟ್ಟಿ ನಿಲ್ಲಿಸಿದ್ದ.’

ವೀರಶೆಟ್ಟಿಯವರು ಆಕಾಶ ನೋಡುತ್ತ ನಿಂತರು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮೊದಲು ನಕ್ಕಿದ್ದು ಯಾರು ಎಂದು ಈಗ ನೆನಪಿಲ್ಲ, ಆದರೆ ಇಬ್ಬರೂ ದಿಬ್ಬದ ಬುಡದಲ್ಲಿ ಕೂತುಬಿಡುವಷ್ಟು ನಕ್ಕೆವು.

ಯೋಚಿಸಿ ನೋಡಿ. ಮದುವೆ ಮಾತು ಬಂದಾಗ ನಾವು ಎಷ್ಟೆಲ್ಲ ಮುಚ್ಚಿಡುತ್ತೇವೆ. ಪಕ್ಕದ ಮನೆಯ ಸೋಫಾ ತಂದು ನಮ್ಮದೆನ್ನುತ್ತೇವೆ. ಸೋರುವ ಮೂಲೆಗೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ನಾಳೆ ಆ ಹುಡುಗಿ ಆ ಮನೆಗೆ ಬಂದ ಮೇಲೆ ಸೋರುವ ಮೂಲೆಯ ಕೆಳಗೆ ಬಕೆಟ್ ಇಡುವವಳೇ ಅವಳಲ್ಲವೇ? ಎರಡು ಸತ್ತ ಬ್ಯಾಟರಿಗಳನ್ನು ಬಚ್ಚಿಡಲು ಹೋಗಿ ನಾವು ಇಬ್ಬರು ಎಳೆಯರ ಬಾಳನ್ನೇ ದಾರಿಯಲ್ಲಿ ನಿಲ್ಲಿಸಿದ್ದೆವು.

ಊಟವಾಯಿತು. ಹೋಳಿಗೆ ಅಷ್ಟು ಬೇಗ ಆಗದು ಎಂದು ಆಯಿ ಗೋಧಿ ಹುಗ್ಗಿ ಮಾಡಿದಳು. ನಾನು ಮೂರು ಸಲ ಬಡಿಸಿಕೊಂಡೆ. ಅನಿಲ ಎದುರು ಕೂತು ಏನೂ ತಿನ್ನದೆ ನಗುತ್ತಿದ್ದ. ವರದಕ್ಷಿಣೆ ಮಾತು ಶಾಂತಾಳೇ ಎತ್ತಿದಳು. ‘ನಮಗ ಏನೂ ಬ್ಯಾಡ, ಹುಡುಗಿ ಬಂದ್ರ ಸಾಕು’ ಅಂದಳು ಆಯಿ. ಹೊರಡುವ ಹೊತ್ತಿಗೆ ವೀರಶೆಟ್ಟಿಯವರು ನನ್ನನ್ನು ಕಟ್ಟೆಯ ಪಕ್ಕಕ್ಕೆ ಕರೆದರು. ಹೇಳಲೋ ಬೇಡವೋ ಎಂಬಂತೆ ಕತ್ತು ಕೆರೆದುಕೊಂಡರು.

‘ಬೀಗರ, ಒಂದ ಮಾತು. ನಾಳಿ ತೊಗರಿ ರಾಶಿಗಿ ಮಷೀನ್ ಬರಾಕತ್ತದ. ಟ್ರ್ಯಾಕ್ಟರ್ ಇಲ್ಲಿಂದ ಹೊಲಕ್ಕ ಹೋಗ್ತದ. ಹೊಲದಾಗ ದಿಬ್ಬ ಎಲ್ಲಿಂದ ತರಲಿ? ಒಮ್ಮಿ ನಿಂತ್ರ ನಿಂತಂಗ. ನಿಮ್ಮ ಹೊಸಾ ಬ್ಯಾಟರಿ ಒಂದ ಎಂಟ ದಿನ...’

ಮುಂದಿನ ಮಾತು ನನಗೆ ಸರಿಯಾಗಿ ಕೇಳಲಿಲ್ಲ. ನನ್ನ ಕಿವಿ ಮೊದಲನೇ ಶಬ್ದದಲ್ಲೇ ನಿಂತಿತ್ತು. ಹಿಂದಿನ ವಾರ ನಾನು ಮಾಸ್ತರ್ ಆಗಿದ್ದೆ. ಈಗ ಬೀಗರು. ಬಾಗಿಲಲ್ಲಿದ್ದ ಶಾಂತಾ ಕೂಡ ಕೇಳಿಸಿಕೊಂಡಳು. ಕಣ್ಣಂಚು ಒರೆಸಿಕೊಂಡದ್ದು ನೋಡಿದೆ.

ಸ್ಪ್ಯಾನರ್ ತಂದು ನಾನೇ ಬ್ಯಾಟರಿ ಬಿಚ್ಚಿಕೊಟ್ಟೆ. ನಾಲ್ಕೇ ದಿನ ಅದು ನನ್ನದಾಗಿತ್ತು.

ಆಮೇಲೆ ಕಾರಿನ ಹಿಂದೆ ಅನಿಲ, ಅವನ ಅಪ್ಪ, ಅಕ್ಕಪಕ್ಕದ ಐದಾರು ಮಂದಿ ನಿಂತು ದಬ್ಬಿದರು. ಆಯಿ ಕಟ್ಟೆಯ ಮೇಲಿನಿಂದ ‘ಎಡಕ್ಕ, ಎಡಕ್ಕ’ ಎಂದು ಹುಕುಂ ಕೊಟ್ಟಳು. ಸಪಾಟು ಅಂಗಳದಲ್ಲಿ, ಮೂರನೇ ದಬ್ಬಿಗೆ ಇಂಜಿನ್ ಹೊಗೆ ಉಗುಳಿ ಎದ್ದಿತು. ನಿಲ್ಲಿಸುವಂತಿರಲಿಲ್ಲ, ಓಡುತ್ತಲೇ ಕೈಬೀಸಿದೆವು.

ರಸ್ತೆಗೆ ಬಂದ ಮೇಲೆ ಶಾಂತಾ ಅಂದಳು: ‘ಎಂಥಾ ಛಲೋ ಮಂದಿ. ಏನಂದ್ರ ಏನೂ ಬ್ಯಾಡ ಅಂದ್ರು ನೋಡ್ರಿ.’

ಖರೇ, ಅಂದರು. ಆದರೆ ನೀವೇ ಹೇಳಿ, ಅಕ್ಷತೆ ಬೀಳುವ ಮೊದಲೇ ಹೊಸ ಬ್ಯಾಟರಿ ಬೀಗರಿಗೆ ಕೊಟ್ಟು, ಬೀಗರ ಕೈಯಲ್ಲೇ ಕಾರು ದಬ್ಬಿಸಿಕೊಂಡು, ದಾರಿಯುದ್ದಕ್ಕೂ ಹಾಡುತ್ತ ಮನೆಗೆ ಬಂದ ಸೋದರಮಾವ ನಿಮ್ಮ ಕಡೆ ಇನ್ನೊಬ್ಬನಿದ್ದಾನೆಯೇ?